ಇದ್ದಿಲು ಬಸ್ಸಿನ ಲೆಕ್ಕ

1941ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ಪಡಿತರ ಜಾರಿಯಾಯಿತು. ಮರುವರ್ಷ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ತೈಲವೂ ಕೈತಪ್ಪಿತು. ದೊರೆತದ್ದರಲ್ಲಿ ಮೊದಲ ಪಾಲು ಸೈನ್ಯಕ್ಕೆ. ಕಾರಿನ ಮಾಲೀಕನಿಗೂ ಬಸ್ಸಿನ ಚಾಲಕನಿಗೂ ಕೂಪನ್ನಿನಲ್ಲಿ ಬರೆದಷ್ಟೇ ಗತಿ. ಅಂದು ಕೋಲಾರ ಜಿಲ್ಲೆಯಲ್ಲಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಗೆ ರೈಲು ಇದ್ದುದು ಪುಣ್ಯ. ಹಳಿಯಿಂದ ದೂರವಿದ್ದ ಬಾಗೇಪಲ್ಲಿ, ಗುಡಿಬಂಡೆ ಸೀಮೆಯವರಿಗೆ ಬಸ್ಸು ನಿಂತರೆ ಎತ್ತಿನ ಗಾಡಿಯೇ ಆಧಾರ. (ಪ್ಯಾರಾಚೂಟಿಗಾಗಿ ಮೈಸೂರು ರೇಷ್ಮೆಗೆ ಬೇಡಿಕೆ ಏರಿದ್ದೂ ಇದೇ ಯುದ್ಧದಲ್ಲಿ.)

ಆಗ ಬಂದದ್ದು ಇದ್ದಿಲು ಬಸ್ಸು. ವಾಹನಕ್ಕೆ ಕಟ್ಟಿದ ಕೊಳವೆಯಂಥ ಒಲೆಯಲ್ಲಿ ಇದ್ದಿಲನ್ನು ಅರೆಗಾಳಿಯಲ್ಲಿ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಮತ್ತು ಒಂದಿಷ್ಟು ಜಲಜನಕ ಹುಟ್ಟುತ್ತವೆ. ಎಂಜಿನ್ ಓಡುವುದು ಇವುಗಳಿಂದ. ಬೆಳಗಿನ ಜಾವ ಕಿಚ್ಚು ಹೊತ್ತಿಸಿ, ಗಾಳಿಚಕ್ರ ತಿರುಗಿಸಿ, ಅನಿಲ ಹದಕ್ಕೆ ಬರುವವರೆಗೆ ಕಾಯಬೇಕು. ದಿನವೂ ಬೂದಿ ತೆಗೆಯಬೇಕು, ಸೋಸುಕಗಳ ಮಸಿ ಬಳಿಯಬೇಕು. ಎಂಜಿನ್ನಿನ ಶಕ್ತಿ ಮೂರನೆಯ ಒಂದು ಪಾಲು ಅಥವಾ ಅದಕ್ಕೂ ಹೆಚ್ಚು ಕುಗ್ಗುವುದರಿಂದ ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ನೂಕುವುದು ವಾಡಿಕೆಯಾಗಿತ್ತು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮುಚ್ಚಿದ ಷೆಡ್ಡಿನಲ್ಲಿ ಪ್ರಾಣವನ್ನೇ ತೆಗೆಯಬಲ್ಲದು.

ಚಾಲಕನ ಕಷ್ಟ ಕಥೆಯಾಗಿ ಉಳಿಯಿತು. ಮರದ ಲೆಕ್ಕವನ್ನು ಕೇಳಿದವರು ಕಡಿಮೆ. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸ್ಥೂಲವಾಗಿ ಒಂದೂವರೆ ಕಿಲೋ ಇದ್ದಿಲು ಬೇಕು. ಮಣ್ಣು ಮುಚ್ಚಿ ಸುಡುವ ಹಳೆಯ ಕ್ರಮದಲ್ಲಿ ಒಂದು ಕಿಲೋ ಇದ್ದಿಲಿಗೆ ಐದು ಕಿಲೋ ಸೌದೆ ಹೋಗುತ್ತದೆ. ಅಂದರೆ ಲೀಟರಿಗೆ ಏಳೂವರೆ ಕಿಲೋ ಸೌದೆ! ದಿಂಡುಗ, ಜಾಲಿಗಳು ನಿಧಾನವಾಗಿ ಬೆಳೆಯುವ ಒಣಗುಡ್ಡಗಳಿಗೆ ಇದು ಸಣ್ಣ ತೆರಿಗೆಯಲ್ಲ.

ಅದೇ ಪ್ರಶ್ನೆ ಈಗ ಹೊಲಕ್ಕೆ ಬಂದಿದೆ. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಅದರ ಮುಖ್ಯ ಕಚ್ಚಾವಸ್ತುಗಳಲ್ಲಿ ಮುಸುಕಿನ ಜೋಳವೂ ಒಂದು. ಗೌರಿಬಿದನೂರಿನ ರೈತನಿಗೆ ಒಳ್ಳೆಯ ಬೆಲೆ ದೊರೆತರೆ ಸಂತೋಷವೇ. ಮುಂಗಾರು ಮಳೆಯಲ್ಲಿ ಬೆಳೆದ ಜೋಳಕ್ಕೆ ಆಕ್ಷೇಪವೂ ಇಲ್ಲ. ಆದರೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಸೀಮೆಯಲ್ಲಿ ಬೇಸಿಗೆಯ ಜೋಳವನ್ನು ಇಂಧನಕ್ಕಾಗಿ ಬೆಳೆಯುವುದು ಬೇರೆಯೇ ಮಾತು. ಬದುವಿನ ಹೊಂಗೆಯಾದರೆ ಮರ ನಿಂತಿರುವಾಗಲೇ ಬೀಜದಿಂದ ಎಣ್ಣೆ ಕೊಡುತ್ತದೆ. ಇಂಧನದ ಬೆಳೆಗೆ ಉತ್ತೇಜನ ಕೊಡಲು ಬರುವವರನ್ನು ಗ್ರಾಮಸಭೆಗಳು ಮೊದಲು ಕೇಳಬೇಕಾದದ್ದು ಲೀಟರಿಗೆ ಎಷ್ಟು ನೀರು, ಅದು ಯಾವ ಬಾವಿಯದು ಎಂದು.