ಕೀಲಿ ಯಾರ ಕೈಲಿರಬೇಕು?

ಹಾಸ್ಟೆಲ್ ಗೆಳೆಯರು ಸಿಕ್ಕಾಗಲೆಲ್ಲ ಈಚೆಗೆ ಒಂದೇ ಪ್ರಶ್ನೆ ಕೇಳ್ತಿದ್ದಾರೆ: "ಅಣ್ಣಾ, ನಮ್ಮ ಸಂಘಾನ ರಿಜಿಸ್ಟರ್ ಮಾಡಿಸೋಣ್ವಾ?" ಕೆಲವರು ಆಗಲೇ ಹೆಸರಿಟ್ಟು, ಲೆಟರ್‌ಹೆಡ್ ಹೊಡೆಸಿ, ರಬ್ಬರ್ ಸ್ಟಾಂಪನ್ನೂ ಮಾಡಿಸಿಕೊಂಡಿದ್ದಾರೆ. ಸಂಘದ ಕೆಲಸ ಏನು ಅಂತ ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡ್ತಾರೆ.

ಇದು ನಗುವ ಮಾತಲ್ಲ. ನಾವೂ ಹಾಗೆ ಮುಖ ಮುಖ ನೋಡಿಕೊಂಡವರೇ.

ನಾವು ಹಾಸ್ಟೆಲಿನಲ್ಲಿದ್ದಾಗ ಒಂದು ಪುಸ್ತಕದ ಮನೆ ಮಾಡಬೇಕೆಂದು ಹೊರಟೆವು. ಸ್ಕಾಲರ್‌ಶಿಪ್ ಬಂದ ತಿಂಗಳು ತಲೆಗಿಷ್ಟು ಅಂತ ಎತ್ತಿದೆವು. ಬೀರು, ಬೆಂಚು ಬೇಡಿ ತಂದೆವು. ಕೇರಿಯ ತಾಯಂದಿರು ಕೂಲಿ ದುಡ್ಡಲ್ಲಿ ಹತ್ತು ಇಪ್ಪತ್ತು ಕೊಟ್ಟರು. ಆಗ ನಮ್ಮವರೇ ಆದ ಹಿರಿಯರೊಬ್ಬರು, "ಕಾಗದ ಪತ್ರ ನಾನು ನೋಡ್ಕೋತೀನಿ, ನೀವು ಓದ್ಕೊಳ್ರಪ್ಪಾ" ಅಂದರು. ನಮಗೋ ಸಂತೋಷ. ಎರಡು ವರ್ಷ ಕಳೆದು ಆ ಪತ್ರ ಬಿಚ್ಚಿ ಓದಿದರೆ, ಅದು ಟ್ರಸ್ಟು. ಟ್ರಸ್ಟಿಗಳು ಮೂರು ಜನ: ಅವರು, ಅವರ ಹೆಂಡತಿ, ಅವರ ಭಾಮೈದ. ಮೂವರೂ ಬದುಕಿರೋ ತನಕ. ಇವತ್ತು ಆ ಬಾಗಿಲಿಗೆ ಅವರ ಬೀಗ. ಒಳಗಿರೋದು ನಮ್ಮ ಪುಸ್ತಕ.

ಯಾರನ್ನ ಬೈಯೋದು? ಮೋಸ ಅವರದು, ಸರಿ. ಆದರೆ ಪುಸ್ತಕದ ಮನೆ ಕಟ್ಟಲು ಹೊರಟ ನಾವು ಹತ್ತು ಹಾಳೆ ಓದಲಿಲ್ಲ. ಅದು ನಮ್ಮ ತಪ್ಪು. ಆ ತಪ್ಪು ನಿಮ್ಮಿಂದ ಆಗಬಾರದೆಂದೇ ಈ ಸಂಚಿಕೆಯಲ್ಲಿ ಕಾನೂನಿನ ಮಾತು.

ಮೊದಲು ಒಂದು ಸಂಗತಿ ಗಟ್ಟಿಯಾಗಿ ತಿಳಿಯಿರಿ. ಸಂಘ ಕಟ್ಟಲು ರಿಜಿಸ್ಟ್ರಾರ್ ಅಪ್ಪಣೆ ಬೇಕಿಲ್ಲ. ಸಂವಿಧಾನದ 19ನೇ ವಿಧಿ ಸಂಘ ಕಟ್ಟುವ ಹಕ್ಕನ್ನು ನಮಗೆ ಕೊಟ್ಟಾಗಿದೆ. ಓದುವ ಬಳಗ ನಡೆಸಿ, ಭಿತ್ತಿಪತ್ರ ಬರೆಯಿರಿ, ಅನ್ನ ಸರಿಯಿಲ್ಲ ಅಂತ ವಾರ್ಡನ್ ಎದುರು ನಿಲ್ಲಿ. ಇದಕ್ಕೆಲ್ಲ ನಂಬರು ಬೇಡ. "ನಿಮ್ದು ರಿಜಿಸ್ಟರ್ಡ್ ಸಂಘಾನಾ?" ಅಂತ ಯಾರಾದರೂ ಗದರಿಸಿದರೆ ಹೆದರಬೇಡಿ.

ಹಾಗಾದರೆ ನೋಂದಣಿ ಯಾವಾಗ ಬೇಕು? ಸಂಘದ ಹೆಸರಲ್ಲಿ ಆಸ್ತಿ ಮಾಡುವಾಗ, ಬ್ಯಾಂಕಿನಲ್ಲಿ ದುಡ್ಡು ಇಡುವಾಗ, ಬಾಡಿಗೆ ಕರಾರು ಬರೆಯುವಾಗ, ಸರ್ಕಾರದ ನೆರವಿಗೆ ಅರ್ಜಿ ಹಾಕುವಾಗ. ಅಂದರೆ, ನಾವು ಹೋದ ಮೇಲೂ ಉಳಿಯಬೇಕಾದ್ದು ಏನಾದರೂ ಇದ್ದಾಗ. ಆಗ ಕಾನೂನು ಮೂರು ದಾರಿ ತೋರಿಸ್ತದೆ.

ಮೊದಲನೆಯದು ಟ್ರಸ್ಟ್. ಪತ್ರ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಆಯಿತು. ಇಬ್ಬರು ಮೂವರು ಸಾಕು, ಬೇಗ ಮುಗೀತದೆ. ಅದಕ್ಕೇ ಎಲ್ಲರೂ ಇದನ್ನೇ ತೋರಿಸೋದು. ಆದರೆ ಟ್ರಸ್ಟಿನಲ್ಲಿ ಸದಸ್ಯರು ಅಂತ ಇರೋಲ್ಲ. ಪತ್ರದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಚುನಾವಣೆಯೂ ಇಲ್ಲ. ದುಡ್ಡು ಕೊಟ್ಟವರಿಗೆ, ದುಡಿದವರಿಗೆ ಮತ ಇಲ್ಲ. ಟ್ರಸ್ಟಿ ದಾರಿ ತಪ್ಪಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಪ್ರಕಾರ, ಹಿತಾಸಕ್ತಿ ಇರುವ ಇಬ್ಬರು ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಹೂಡಬಹುದು, ನಿಜ. ಹಾಸ್ಟೆಲ್ ಹುಡುಗ ವಕೀಲರ ಫೀಸು ಎಲ್ಲಿಂದ ತರಬೇಕು?

ಎರಡನೆಯದು ಸಂಘ, ಸೊಸೈಟಿ. ನಮ್ಮ ರಾಜ್ಯದಲ್ಲಿ ಇದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರ್ತದೆ. ಕಡಿಮೆ ಅಂದರೆ ಏಳು ಜನ ವಯಸ್ಕರು ಬೇಕು. ಪಿಯುಸಿ ತಮ್ಮಂದಿರು ಹದಿನೆಂಟು ತುಂಬುವವರೆಗೆ ಕಾಯಬೇಕು. ಸಂಘದ ಹೆಸರು, ಉದ್ದೇಶ, ಆಡಳಿತ ಮಂಡಳಿಯವರ ಹೆಸರು ವಿಳಾಸ ಇರುವ ಜ್ಞಾಪನ ಪತ್ರ ಒಂದು. ನಿಯಮಾವಳಿ, ಅಂದರೆ ಬೈಲಾ, ಇನ್ನೊಂದು. ಇವನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆಮೇಲೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಲೇಬೇಕು. ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ಕೊಡಲೇಬೇಕು. ಕಿರಿಕಿರಿ ಅನ್ನಿಸಬಹುದು. ಆದರೆ ಆ ಕಿರಿಕಿರಿಯೇ ನಮಗೆ ಕಾವಲು. ಸದಸ್ಯರಲ್ಲಿ ಮೂರನೇ ಒಂದು ಪಾಲು ಜನ ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ನಡೆಸಲೇಬೇಕು ಅಂತ 25ನೇ ಕಲಮು ಹೇಳ್ತದೆ. ಸಂಘ ಮುಚ್ಚಿಹೋದರೂ ಸಾಲ ತೀರಿ ಉಳಿದದ್ದನ್ನ ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ.

ಇದರಲ್ಲೂ ಮುಳ್ಳಿದೆ. ಲೆಕ್ಕ ಕೊಡದೆ ಮಲಗಿದರೆ ನೋಂದಣಿ ರದ್ದಾಗಬಹುದು. ನಾವು ನಾವೇ ಕಚ್ಚಾಡಿದರೆ ಸರ್ಕಾರ ಆಡಳಿತಾಧಿಕಾರಿಯನ್ನ ತಂದು ಕೂರಿಸಬಹುದು.

ಮೂರನೆಯದು ಕಂಪನಿ. ಲಾಭ ಹಂಚದ ಕಂಪನಿ. 1956ರ ಕಾಯ್ದೆಯಲ್ಲಿ 25ನೇ ಕಲಮು ಅನ್ನುತ್ತಿದ್ದರು, 2013ರ ಕಾಯ್ದೆಯಲ್ಲಿ 8ನೇ ಕಲಮು. ಇಬ್ಬರಿಂದ ಶುರು ಮಾಡಬಹುದು, ದೇಶದ ತುಂಬ ಕೆಲಸ ಮಾಡಬಹುದು. ಆದರೆ ವರ್ಷ ವರ್ಷ ಆಡಿಟ್, ವರ್ಷ ವರ್ಷ ಫಾರಂ, ತಡವಾದರೆ ದಿನದ ಲೆಕ್ಕದಲ್ಲಿ ದಂಡ. ದೊಡ್ಡ ಕೆಲಸಕ್ಕೆ, ಸಂಬಳದ ಜನ ಇರುವ ಕಡೆಗೆ ಇದು ಸರಿ. ಒಂದು ಕೋಣೆ, ಎರಡು ಬೀರು ಇರುವ ನಮಗೆ ಇದು ಆನೆ ಸಾಕಿದ ಹಾಗೆ.

ದುಡ್ಡಿನ ಬಗ್ಗೆಯೂ ಭ್ರಮೆ ಬೇಡ. ನೋಂದಣಿ ಆದ ಮಾತ್ರಕ್ಕೆ ತೆರಿಗೆ ಮಾಫಿ ಆಗೋಲ್ಲ. ಅದಕ್ಕೆ ವರಮಾನ ತೆರಿಗೆ ಇಲಾಖೆಯಲ್ಲಿ ಬೇರೆ ಅರ್ಜಿ ಹಾಕಬೇಕು. ವಿದೇಶದ ದುಡ್ಡಂತೂ ಇನ್ನೂ ದೂರ. ಅದಕ್ಕೆ ಕೇಂದ್ರ ಗೃಹ ಇಲಾಖೆಯ ಪರವಾನಗಿ ಬೇಕು. ಆ ಕಾನೂನು ಮೊದಲು ಬಂದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ. 2010ರಲ್ಲಿ ಹೊಸದಾಯಿತು, 2020ರಲ್ಲಿ ಇನ್ನೂ ಬಿಗಿಯಾಯಿತು. ಆ ಆಸೆಗೆ ಬಿದ್ದು ಸಂಘ ಕಟ್ಟಬೇಡಿ. ಕೊಟ್ಟವನ ಕಡೆಗೆ ಕತ್ತು ತಾನಾಗೇ ತಿರುಗ್ತದೆ.

ಇಲ್ಲಿ ಕೆಲವು ಗೆಳೆಯರು ಕೇಳ್ತಾರೆ: "ರಿಜಿಸ್ಟರ್ ಆದರೆ ಹೋರಾಟ ಸತ್ತುಹೋಗೋಲ್ವಾ? ನಾಳೆ ಡಿ.ಸಿ. ಆಫೀಸ್ ಮುಂದೆ ಕೂರಬೇಕಾದವರು ಡಿ.ಸಿ. ಆಫೀಸಲ್ಲಿ ಗ್ರಾಂಟಿಗೆ ಕಾದು ಕೂರೋದಿಲ್ವಾ?" ಈ ಭಯ ಸುಳ್ಳಲ್ಲ. ನಮ್ಮ ಕಣ್ಣ ಮುಂದೆಯೇ ಎಷ್ಟೋ ಜನ ಹಾಡು ಬಿಟ್ಟು ಫೈಲು ಹಿಡಿದರು.

ಉತ್ತರಕ್ಕೆ ಬಾಬಾಸಾಹೇಬರ ಬದುಕು ನೋಡೋಣ. 1924ರಲ್ಲಿ ಅವರು ಬೊಂಬಾಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿ, 1860ರ ಸೊಸೈಟಿ ಕಾಯ್ದೆಯ ಕೆಳಗೆ ನೋಂದಾಯಿಸಿದರು. 1925ರಲ್ಲಿ ಆ ಸಭೆ ಸೊಲ್ಲಾಪುರದಲ್ಲಿ ತೆರೆದದ್ದು ಏನನ್ನ? ಒಂದು ಹಾಸ್ಟೆಲನ್ನ! ಎರಡು ವರ್ಷ ಕಳೆದು 1927ರಲ್ಲಿ ಮಹಾಡದ ಕೆರೆಗೆ ಇಳಿದವರೂ ಅದೇ ಬಾಬಾಸಾಹೇಬರು. ಮುಂದೆ 1936ರಲ್ಲಿ ಪಕ್ಷ ಕಟ್ಟಿದರು, ಅದು ಬೇರೆ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು, ಅದು ಬೇರೆ. ಮರುವರ್ಷ ಅದರಿಂದ ಸಿದ್ಧಾರ್ಥ ಕಾಲೇಜು ಬಂತು. ಒಂದೊಂದು ಕೆಲಸಕ್ಕೆ ಒಂದೊಂದು ಪಾತ್ರೆ. ಸಾರಿನ ಮಡಕೆಯಲ್ಲಿ ಕುಡಿಯೋ ನೀರು ಹಾಕಲಿಲ್ಲ.

ನಾವು ಹೇಳೋದೂ ಅಷ್ಟೆ. ಹೋರಾಟವನ್ನ ರಿಜಿಸ್ಟ್ರಾರ್ ಬೀರುವಿನಲ್ಲಿ ಇಡಬೇಡಿ, ಅದು ಬೀದಿಯಲ್ಲೇ ಇರಲಿ. ಪುಸ್ತಕದ ಮನೆ, ಟ್ಯೂಷನ್, ಬಡ ಹುಡುಗರ ಫೀಸಿನ ನಿಧಿ, ಇವಕ್ಕೆ ಸೊಸೈಟಿ ಮಾಡಿ. ಟ್ರಸ್ಟು ಬೇಡ. ಸದಸ್ಯರಿರುವ, ಮತ ಇರುವ, ಪ್ರಶ್ನೆ ಕೇಳಬಹುದಾದ ಸೊಸೈಟಿ.

ಆದರೆ ಸೊಸೈಟಿ ಅಂದ ಮಾತ್ರಕ್ಕೆ ಪ್ರಜಾಪ್ರಭುತ್ವ ಬಂದುಬಿಡೋಲ್ಲ. ಅದು ಬೈಲಾದಲ್ಲಿರ್ತದೆ. ಟೈಪಿಸ್ಟ್ ಹತ್ತಿರ ಸಿಗುವ ಹಳೇ ಬೈಲಾದಲ್ಲಿ ಹೆಸರು ಬದಲಾಯಿಸಿ ಸಹಿ ಹಾಕಬೇಡಿ. ನೀವೇ ಕೂತು ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ಪದಾಧಿಕಾರಿಗೆ ಎರಡು ವರ್ಷ, ಹೆಚ್ಚೆಂದರೆ ಎರಡು ಸಲ. ಒಂದೇ ಮನೆಯ ಇಬ್ಬರು ಮಂಡಳಿಯಲ್ಲಿ ಇರಕೂಡದು. ಚೆಕ್ಕಿಗೆ ಎರಡು ಸಹಿ. ಲೆಕ್ಕದ ಪುಸ್ತಕ ಯಾವ ಸದಸ್ಯ ಕೇಳಿದರೂ ತೋರಿಸಬೇಕು. ಏಳು ಜನರಲ್ಲಿ ಮೂವರಾದರೂ ಹೆಣ್ಣುಮಕ್ಕಳಿರಲಿ, ಮಿನಿಟ್ಸ್ ಬರೆಯೋದಕ್ಕೆ ಮಾತ್ರ ಅಲ್ಲ, ಖಜಾಂಚಿ ಆಗೋದಕ್ಕೆ. ಏಳೂ ಜನ ಒಂದೇ ಕೇರಿಯವರು, ಒಂದೇ ಕುಲದವರು ಆಗದಿರಲಿ. ನಮ್ಮೊಳಗಿನ ಎಡ ಬಲ ಮುಚ್ಚಿಟ್ಟು ಊರವರ ಜಾತಿಯನ್ನ ಪ್ರಶ್ನೆ ಮಾಡೋಕೆ ನಮಗೆ ಯಾವ ನಾಲಿಗೆ ಇದೆ?

ಆಮೇಲೆ ಸಹಿ ಹಾಕುವ ದಿನ ಇಡೀ ಪತ್ರವನ್ನ ಸಭೆಯಲ್ಲಿ ಗಟ್ಟಿಯಾಗಿ ಓದಿ. ಮೆಸ್ಸಿನ ಅಡುಗೆಯವರೂ ಕೂತು ಕೇಳಲಿ. ಅರ್ಥವಾಗದ ಒಂದು ಸಾಲಿದ್ದರೂ ಅಲ್ಲೇ ನಿಲ್ಲಿಸಿ ಕೇಳಿ. "ಅದೆಲ್ಲ ಫಾರ್ಮಾಲಿಟಿ ಕಣಯ್ಯಾ, ಸಹಿ ಹಾಕು" ಅಂತ ಯಾರಾದರೂ ಅಂದರೆ, ಪೆನ್ನು ಕೆಳಗಿಡಿ.

ನಮ್ಮ ಅಪ್ಪಂದಿರು ಓದಲು ಬಾರದೆ ಹೆಬ್ಬೆಟ್ಟು ಒತ್ತಿ ಜಮೀನು ಕಳಕೊಂಡರು. ನಾವು ಬಿ.ಎ. ಓದಿ ಸಹಿ ಹಾಕಿ ಪುಸ್ತಕದ ಮನೆ ಕಳಕೊಂಡೆವು. ನೀವು ಓದಿ ಸಹಿ ಹಾಕಿ.

ಕೀಲಿ ಏಳು ಜನರ ಕೈಲಿರಲಿ. ಬಾಗಿಲು ಎಲ್ಲರಿಗೂ ತೆರೆದಿರಲಿ.

ಜೈ ಭೀಮ್.