ಸತ್ತವರ ಮುಂದೆ ಯಾವ ಭಾಷೆ ಮಾತಾಡೋದು?

ನಮ್ಮ ಅಳವಂಡಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಸಾಕು, ಐದೇ ನಿಮಿಷದಲ್ಲಿ ‘ಆರ್‌ಐಪಿ’ಗಳ ಸಾಲು ಶುರುವಾಗುತ್ತದೆ. ಎಲ್ಲ ಜಾತಿ, ಎಲ್ಲ ಧರ್ಮದವರೂ ಕಳಿಸುತ್ತಾರೆ. ನೀವೂ ಕಳಿಸಿರ್ತೀರಿ. ಅದು ಮೂಲದಲ್ಲಿ ಲ್ಯಾಟಿನ್ ಭಾಷೆಯ ಒಂದು ಕ್ರೈಸ್ತ ಪ್ರಾರ್ಥನೆ: ಇವರು ಶಾಂತಿಯಲ್ಲಿ ವಿಶ್ರಮಿಸಲಿ ಅಂತ. ಸಮಾಧಿಕಲ್ಲುಗಳ ಮೇಲೆ ಕೆತ್ತುತ್ತಿದ್ದ ಮಾತು. ಇಂಗ್ಲಿಷಿಗೆ ಬಂದಾಗಲೂ ಅವೇ ಮೂರು ಅಕ್ಷರ ಹೊಂದಿಕೊಂಡವು, ಅಲ್ಲಿಂದ ನಮ್ಮ ಫೋನಿಗೆ ಬಂದವು.

ಹಾಗಂತ ನಮ್ಮ ಕಡೆ ಸಾವಿನ ಮಾತಿಗೇನು ಬರವಿಲ್ಲ. ಲಿಂಗಾಯತರ ಮನೆಯಲ್ಲಿ ‘ಲಿಂಗೈಕ್ಯರಾದ್ರು’ ಅಂತಾರೆ. ಮುಸ್ಲಿಮರ ಓಣಿಯಲ್ಲಿ ‘ಇಂತಕಾಲ್ ಆತು’ ಅಂತಾರೆ. ಹೊಲದ ದಾರಿಯಲ್ಲಿ ಸಿಕ್ಕವರು ‘ಹ್ವಾದ್ರಂತ’ ಅಂದು ಟವೆಲ್ ಹೆಗಲಿಂದ ಇಳಿಸುತ್ತಾರೆ. ಕೊಪ್ಪಳದ ಗವಿಮಠದ ಬಂಡೆ ಮೇಲೆ ಅಶೋಕನ ಶಾಸನವಿದೆ, ಕ್ರಿ.ಪೂ. 3ನೇ ಶತಮಾನದ್ದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು ಅನ್ನುವ ಮಾತು ಅದರಲ್ಲಿ ಬರುತ್ತದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಂದರೆ ನಮ್ಮ ಜಿಲ್ಲೆಯಲ್ಲಿ ಪರಲೋಕದ ಮಾತು ಅನುವಾದದ ಮಾತಾಗಿ ಎರಡು ಸಾವಿರ ವರ್ಷದ ಮೇಲಾಯಿತು.

ಇದನ್ನೆಲ್ಲ ಯೋಚಿಸುವ ಹಾಗೆ ಮಾಡಿದವನು ಗದಗ-ಬೆಟಗೇರಿಯ ನನ್ನ ಗೆಳೆಯ. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಒಂದೇ ರೂಮಿನಲ್ಲಿದ್ದೆವು. 19ನೇ ಶತಮಾನದಲ್ಲಿ ಬಾಸೆಲ್ ಮಿಶನ್ ಬಂದು ಕೆಲಸ ಮಾಡಿದ ಊರದು, ಇವರದು ತಲೆಮಾರುಗಳಿಂದ ಕ್ರೈಸ್ತ ಮನೆತನ. ಹೋದ ವರ್ಷ ಅವನ ಆಯಿ ತೀರಿಕೊಂಡಳು. ಸಮಾಧಿಕಲ್ಲಿನ ಮೇಲೆ ಏನು ಬರೆಸಬೇಕು ಅಂತ ಮನೆಯವರೆಲ್ಲ ವಿಡಿಯೊ ಕಾಲ್‌ನಲ್ಲಿ ಕೂತರು. ಬೆಂಗಳೂರು, ದುಬೈಯಲ್ಲಿರುವ ಮೊಮ್ಮಕ್ಕಳು ಇಂಗ್ಲಿಷ್ ಇರಲಿ ಅಂದರು. ಮುಂದೆ ಮಕ್ಕಳಿಗೆ ಕನ್ನಡ ಓದೋಕೆ ಬರದಿದ್ದರೆ? ಆ ಮಾತೂ ಸುಳ್ಳಲ್ಲ. ಗೆಳೆಯ ಅಂದದ್ದಿಷ್ಟು: “ಆಯಿ ಸತ್ಯವೇದ ಓದಾಕಂತನ ಅಕ್ಷರ ಕಲ್ತಾಕಿ. ಆಕಿ ಕಲ್ಲಿನ ಮ್ಯಾಲೆ ಆಕಿಗೇ ಓದಾಕ ಬರಲಾರದ್ದು ಬರಸೂದೇನು?”

ನೋಡಿ, ಇದು ಬರೀ ಭಾವನೆಯ ಪ್ರಶ್ನೆ ಅಲ್ಲ. ಸತ್ತವರು ಒಂದು ದಿನ ಎದ್ದು ಬರುತ್ತಾರೆ ಅಂತ ನಂಬುವ ಮನೆಯವರಿಗೆ ‘ಆಯಿ ಓದ್ತಾಳ’ ಅನ್ನುವುದು ತಮಾಷೆಯ ಮಾತಲ್ಲ. ಅಲ್ಲಿ ಭಾಷೆ ಇರುತ್ತದೆಯೇ? ಇದ್ದರೆ ಯಾವುದು?

ಬೈಬಲ್ಲಿನಲ್ಲಿ ಎರಡು ದಿಕ್ಕಿನ ಮಾತಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ ಪೌಲ, ಭಾಷೆಗಳು ನಿಂತುಹೋಗುತ್ತವೆ, ಪ್ರೀತಿ ಉಳಿಯುತ್ತದೆ ಎನ್ನುತ್ತಾನೆ. ಅದು ಪ್ರಾರ್ಥನೆಯಲ್ಲಿ ಬರುವ ಅನ್ಯಭಾಷೆಯ ವರದ ಬಗ್ಗೆ ಹೇಳಿದ್ದು ಅಂತ ಹಲವರ ವಿವರಣೆ. ಪ್ರಕಟನೆಯ 7ನೇ ಅಧ್ಯಾಯದಲ್ಲಿ ಯೋಹಾನ ಕಾಣುವುದೇ ಬೇರೆ: ಸಿಂಹಾಸನದ ಮುಂದೆ ಎಲ್ಲ ಕುಲದವರು, ಎಲ್ಲ ಭಾಷೆಯವರು ನಿಂತಿದ್ದಾರೆ. ಅಲ್ಲಿಗೆ ಹೋದ ಮೇಲೂ ಯಾರು ಯಾವ ಭಾಷೆಯವರು ಅಂತ ಗುರುತು ಸಿಗುತ್ತಿದೆ.

ಬಾಬೆಲಿನ ಕಥೆ ಗೊತ್ತಲ್ಲ, ಗೋಪುರ ಕಟ್ಟುವವರ ಭಾಷೆ ಕಲೆಸಿಹೋದದ್ದು? ನಮ್ಮಂಥ ಸಾಫ್ಟ್‌ವೇರ್‌ನವರ ಕೈಗೆ ಆ ಸಮಸ್ಯೆ ಕೊಟ್ಟಿದ್ದರೆ ಎಲ್ಲರಿಗೂ ಒಂದೇ ಭಾಷೆ ಮಾಡಿ ಟಿಕೆಟ್ ಕ್ಲೋಸ್ ಮಾಡುತ್ತಿದ್ದೆವು. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಪಂಚಾಶತ್ತಮ ಹಬ್ಬದ ದಿನ ಹಾಗಾಗುವುದಿಲ್ಲ. ಊರೂರಿಂದ ಬಂದವರಿಗೆ ಅವರವರ ಭಾಷೆಯಲ್ಲೇ ಮಾತು ಕೇಳಿಸುತ್ತದೆ. ಯಾರೂ ತಮ್ಮ ಮನೆಮಾತು ಬಿಟ್ಟು ಬರಬೇಕಾಗಿಲ್ಲ.

ಈ ನಂಬಿಕೆ ಇದ್ದದ್ದಕ್ಕೇ ಅನುವಾದಕ್ಕೆ ಅಷ್ಟು ಜನ ಜೀವ ಸವೆಸಿದ್ದು. 1810ರಲ್ಲಿ ನಮ್ಮ ಪಕ್ಕದ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತಂದರು. ಬಾಸೆಲ್ ಮಿಶನ್ನಿನ ಕಿಟೆಲ್ 1894ರಲ್ಲಿ ನಿಘಂಟು ಹೊರತಂದರು. ಪರಲೋಕ, ಪಾತಾಳ, ನರಕ: ಕ್ರೈಸ್ತರು ಬಳಸುವ ಈ ಶಬ್ದಗಳೆಲ್ಲ ಮೊದಲೇ ನಮ್ಮಲ್ಲಿದ್ದವು. ಹೊಸ ನಂಬಿಕೆ ಹಳೆಯ ಮನೆಯ ಪಾತ್ರೆಯಲ್ಲೇ ಉಂಡಿತು.

ಗೆಳೆಯನ ಮನೆಯಲ್ಲಿ ಕಡೆಗೆ ಕನ್ನಡ ಅಂತ ಒಪ್ಪಿಗೆಯಾಯಿತು. ಆಗ ಇನ್ನೊಂದು ತಕರಾರು: ಯಾವ ಕನ್ನಡ? ರೂಢಿಯ ಬರವಣಿಗೆ ‘ಕರ್ತನಲ್ಲಿ ನಿದ್ರಿಸಿದರು’ ಅಂತ. ಆಯಿ ಜೀವಮಾನದಲ್ಲಿ ‘ನಿದ್ರಿಸು’ ಅಂದವಳಲ್ಲ. ಆಕೆಯದು ‘ಮಕ್ಕೋ’. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಬಾಗಿಲ ನಾಯಿಗೆ ಎಲ್ಲಕ್ಕೂ ಅದೇ.

ನಿದ್ದೆಯ ಮಾತೇ ಇಲ್ಲಿ ಮುಖ್ಯ. ಸಿಮೆಟ್ರಿ ಅನ್ನುವ ಪದ ಬಂದದ್ದೇ ಮಲಗುವ ಜಾಗ ಅನ್ನುವ ಗ್ರೀಕ್ ಪದದಿಂದ. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯಾಯೀರನ 12 ವರ್ಷದ ಮಗಳು ಸತ್ತಿದ್ದಾಳೆ. ಇವಳು ಸತ್ತಿಲ್ಲ, ನಿದ್ದೆಯಲ್ಲಿದ್ದಾಳೆ ಅಂತ ಯೇಸು ಹೇಳಿದರೆ ಜನ ನಗುತ್ತಾರೆ. ಆತ ಹುಡುಗಿಯ ಕೈ ಹಿಡಿದು ಎರಡೇ ಮಾತು ಹೇಳುತ್ತಾನೆ. ಮಾರ್ಕ ಬರೆಯುತ್ತಿದ್ದುದು ಗ್ರೀಕಿನಲ್ಲಿ. ಆದರೂ ಆ ಎರಡು ಮಾತನ್ನು ಮಾತ್ರ ಯೇಸುವಿನ ಮನೆಮಾತಾದ ಅರಾಮಿಕ್‌ನಲ್ಲೇ ಉಳಿಸಿ, ಪಕ್ಕದಲ್ಲಿ ಅರ್ಥ ಕೊಡುತ್ತಾನೆ. ಅದು ಮಂತ್ರವಲ್ಲ. ಹೊತ್ತು ಏರಿದ ಮೇಲೂ ಮಲಗಿದ ಮಗಳನ್ನು ನಮ್ಮ ಊರಾಗ ‘ಏಳವ್ವಾ’ ಅಂತ ಎಬ್ಬಿಸ್ತಾರಲ್ಲ, ಅಂಥದ್ದೇ.

ಬೆಟಗೇರಿಯ ಕಲ್ಲಿನ ಮೇಲೆ ಈಗ ಮೇಲೆ ಕನ್ನಡದಲ್ಲಿ ಹೆಸರಿದೆ, ಅದರ ಕೆಳಗೆ ‘ಆಯಿ ಮಕ್ಕೊಂಡಾಳ’ ಅಂತಿದೆ, ಎಲ್ಲಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ ಇಂಗ್ಲಿಷ್ ಇದೆ. ಕೆತ್ತುವವನು ‘ಇದು ತಪ್ಪಲ್ಲೇನ್ರಿ’ ಅಂತ ಎರಡು ಸಲ ಕೇಳಿದನಂತೆ.

ನಾನು ಆ ಧರ್ಮದವನಲ್ಲ. ಪರಲೋಕದ ಬಗ್ಗೆ ನನಗೆ ಖಚಿತ ಉತ್ತರವೂ ಇಲ್ಲ. ಆದರೆ ಸತ್ತವರಿಗೆ ನಾವು ಕಡೆಯದಾಗಿ ಕೊಡುವುದು ಒಂದು ಮಾತು. ಅದು ಅವರಿಗೆ ತಿಳಿಯುವ ಮಾತಾಗಿರಬೇಕು ಅನ್ನುವುದು ನನಗೆ ನ್ಯಾಯ ಅನ್ನಿಸುತ್ತದೆ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ನಿಮ್ಮ ಆಯಿಗೋ ಅಜ್ಜನಿಗೋ ಕೇಳಿ ನೋಡಿ: ನಮ್ಮ ಮನ್ಯಾಗ ಹೋದವರಿಗೆ ಏನಂತ ಹೇಳಿ ಕಳಸ್ತಾರ? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟುಕೊಳ್ಳಿ.