ಚಾಟ್ ಕಿಟಕಿಯ ಮಾತಿಗೂ ಅಂಗಡಿಯೇ ಹೊಣೆ

ಆಸ್ಟ್ರೇಲಿಯಾ ಸರ್ಕಾರ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಎಐ ಯೋಜನೆ ಪ್ರತ್ಯೇಕ ಎಐ ಕಾಯ್ದೆಯ ದಾರಿ ಹಿಡಿಯಲಿಲ್ಲ. ಇರುವ ಕಾನೂನುಗಳನ್ನೇ ನೆಚ್ಚಿಕೊಂಡಿತು. ಕೆಲ ಅಂಕಣಕಾರರಿಗೆ ಇದು ಸಮಾಧಾನ ತಂದಿಲ್ಲ. ವೆಬ್‌ಸೈಟಿನ ಚಾಟ್‌ಬಾಟ್ ಸಣ್ಣ ವ್ಯಾಪಾರಿಯ ಕಿವಿಗೆ ಹೂ ಇಟ್ಟರೆ ಕೇಳುವವರಾರು ಎಂಬುದು ಅವರ ಗೋಳು. ಕೇಳುವ ಕಾನೂನು ಆಗಲೇ ಇದೆ ಸ್ವಾಮಿ. ಚಾಟ್ ಕಿಟಕಿಯಲ್ಲಿ ಬಂದ ಮಾತಿಗೆ ಅಂಗಡಿಯೇ ಹೊಣೆ. ಈ ಗದ್ದಲದಲ್ಲಿ ಯಾರ ಬಾಯಲ್ಲೂ ಬಾರದ ಅಂಕಿ ಒಂದಿದೆ: 1 ಲಕ್ಷ ಡಾಲರ್.

ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನೇ ಅಲ್ಲ ಎಂದು ಆಸ್ಟ್ರೇಲಿಯಾದಲ್ಲಿರುವ ನಮ್ಮವರಲ್ಲಿ ಅನೇಕರ ನಂಬಿಕೆ. ಅದು ಊರಿನಿಂದ ತಂದದ್ದು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಡುತ್ತದೆ. ಸ್ವಂತ ದುಡಿಮೆಯ ಹೊಟ್ಟೆಪಾಡಿಗಷ್ಟೇ ವಿನಾಯಿತಿ. ಇಲ್ಲಿ ಲೆಕ್ಕ ಬೇರೆ. 1986ರಿಂದ 40,000 ಡಾಲರಿನಲ್ಲೇ ಕೂತಿದ್ದ ಖರೀದಿ ಮಿತಿ 2021ರ ಜುಲೈ 1ರಂದು 1 ಲಕ್ಷಕ್ಕೇರಿತು. ಅಷ್ಟರೊಳಗಿನ ಸರಕನ್ನೋ ಸೇವೆಯನ್ನೋ ಕೊಂಡ ವ್ಯಾಪಾರಿಯೂ ಗ್ರಾಹಕನೇ. ಮರುಮಾರಾಟದ ಸರಕು ಮತ್ತು ತಯಾರಿಕೆಯಲ್ಲಿ ಬಳಸಿ ಮುಗಿಯುವ ಸರಕು ಮಾತ್ರ ಹೊರಗೆ. ಸಿಡ್ನಿಯ ಮಾರ್ಸ್ಡನ್ ಪಾರ್ಕಿನಲ್ಲಿ ದೋಸೆ ಕ್ಯಾಟರಿಂಗ್ ನಡೆಸುವವರಿಗೆ ಅಕ್ಕಿ, ಉದ್ದಿನ ಮೇಲೆ ಈ ರಕ್ಷಣೆ ಇಲ್ಲ. ಗ್ರೈಂಡರ್, ಕೋಲ್ಡ್‌ರೂಂ, ಬಿಲ್ಲಿಂಗ್ ಸಾಫ್ಟ್‌ವೇರ್ ಮೇಲೆ ಇದೆ.

ಇದಕ್ಕೆ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ 55ನೇ ಸೆಕ್ಷನ್ ಸೇರಿಸಿ ನೋಡಿ. ಯಾವ ಕೆಲಸಕ್ಕೆ ಬೇಕೆಂದು ಮಾರುವವರಿಗೆ ತಿಳಿಸಿ, ಅವರ ಮಾತನ್ನು ನಂಬಿ ಕೊಂಡಿದ್ದರೆ ಸರಕು ಆ ಕೆಲಸಕ್ಕೆ ಒದಗಬೇಕು. ಮೊದಲೆಲ್ಲ ಇದನ್ನು ರುಜುವಾತು ಮಾಡುವುದೇ ಪಾಡು. ಕೌಂಟರಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಈಗ ಕಂಪನಿಗಳೇ ಕಿಟಕಿ ತೆರೆದು ಕೇಳುತ್ತಿವೆ: ಯಾವ ವ್ಯಾಪಾರ, ದಿನಕ್ಕೆ ಎಷ್ಟು ಕೆಲಸ, ಜಾಗ ಎಷ್ಟು? ಗ್ರಾಹಕರೊಂದಿಗೆ ನಂಟು ಬೆಳೆಸುವ ಸೌಲಭ್ಯವೆಂದು ಮಾರ್ಕೆಟಿಂಗ್‌ನವರು ಬೀಗುವ ಈ ವಿಚಾರಣೆ, ನನ್ನ ಕಣ್ಣಿಗೆ, ಕೊಳ್ಳುವವನ ಪರವಾಗಿ ಕಂಪನಿಯೇ ಬರೆದಿಡುತ್ತಿರುವ ಸಾಕ್ಷ್ಯ. ದಿನಕ್ಕೆ 40 ಕಿಲೋ ಹಿಟ್ಟು ರುಬ್ಬಬೇಕು ಎಂದು ಟೈಪ್ ಮಾಡಿದವನಿಗೆ ಬಾಟ್ ಮನೆಬಳಕೆಯ ಯಂತ್ರ ತೋರಿಸಿ ‘ಧಾರಾಳ ಸಾಕು’ ಎಂದರೆ, ಸೇಲ್ಸ್‌ಮನ್ ಎದುರು ನಿಂತು ಹೇಳಿದ್ದಕ್ಕಿಂತ ಅದು ಹೇಗೆ ಹಗುರವಾದೀತು?

ಬಾಟ್ ನಮ್ಮ ನೌಕರನಲ್ಲವಲ್ಲ ಎಂಬ ನೆಪ ಒಮ್ಮೆ ಪರೀಕ್ಷೆಗೆ ಬಂದು ಸೋತಾಗಿದೆ. ಅಜ್ಜಿ ತೀರಿಕೊಂಡ ಪ್ರಯಾಣಿಕನೊಬ್ಬನಿಗೆ ಏರ್ ಕೆನಡಾದ ಚಾಟ್‌ಬಾಟ್ ರಿಯಾಯಿತಿಯ ಬಗ್ಗೆ ತಪ್ಪು ಹೇಳಿತ್ತು. ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ ಎಂದು ಕಂಪನಿ ವಾದಿಸಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ 812 ಕೆನಡಾ ಡಾಲರ್ ಕೊಡಿಸಿತು. ಮೊತ್ತ ಚಿಲ್ಲರೆ. ಆ ತೀರ್ಪು ಸಿಡ್ನಿಯ ಕೋರ್ಟನ್ನು ಕಟ್ಟಿಹಾಕುವುದೂ ಇಲ್ಲ. ಕಟ್ಟಿಹಾಕಬೇಕಾದ ಅಗತ್ಯವೂ ಇಲ್ಲ. ಇಲ್ಲಿನ ಗ್ರಾಹಕ ಕಾನೂನಿನ 18ನೇ ಸೆಕ್ಷನ್ನಿನಡಿ ದಾರಿ ತಪ್ಪಿಸುವ ಉದ್ದೇಶವಿತ್ತೆಂದು ತೋರಿಸಬೇಕಿಲ್ಲ, ದಾರಿ ತಪ್ಪಿಸುವಂತಿದ್ದರೆ ಸಾಕು.

ಕಾನೂನಿನಲ್ಲಿ ತೂತಿಲ್ಲವೆಂದಲ್ಲ. ಸಾಮಾನ್ಯವಾಗಿ ಮನೆಬಳಕೆಗೆ ಕೊಳ್ಳದ ಸರಕಾದರೆ, ದುರಸ್ತಿ ಅಥವಾ ಬದಲಿಗೆ ಮಾತ್ರ ಹೊಣೆಯೆಂದು ಮಾರುವವರು ಕರಾರಿನಲ್ಲಿ ಬರೆದುಕೊಳ್ಳಬಹುದು. ಅದು ನ್ಯಾಯವಲ್ಲ ಎಂದು ಕೊಂಡವನೇ ಸಾಧಿಸಬೇಕು. ವಾಣಿಜ್ಯ ಗ್ರೈಂಡರ್ ಕೆಟ್ಟು ಕೈತಪ್ಪಿದ ಮದುವೆ ಆರ್ಡರಿನ ನಷ್ಟ ಅಲ್ಲೇ ಜಾರಿಹೋಗುವ ಸಂಭವವುಂಟು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಸಂಭಾಷಣೆಯೆಲ್ಲ ಕಂಪನಿಯ ಕಂಪ್ಯೂಟರಿನಲ್ಲಿ. ಕೊಳ್ಳುವವನು ಪುಟ ಮುಚ್ಚಿದರೆ ಅವನ ಕೈಯಲ್ಲಿ ಎಷ್ಟೋ ಸಲ ಏನೂ ಉಳಿಯದು. ಇರುವ ಕಾನೂನೇ ಸಾಕೆನ್ನುವ ಕ್ಯಾನ್ಬೆರಾ, ಖರೀದಿಗೆ ಮುಂಚಿನ ಚಾಟ್‌ನ ಪೂರ್ತಿ ಪ್ರತಿಯನ್ನು ಬಿಲ್ಲಿನೊಂದಿಗೇ ಇಮೇಲ್ ಮಾಡುವುದನ್ನು ಕಡ್ಡಾಯ ಮಾಡಲಿ. ಅದಕ್ಕೆ ಹೊಸ ಎಐ ಕಾಯ್ದೆ ಬೇಕಿಲ್ಲ. ಅಲ್ಲಿಯವರೆಗೆ ಹಣ ಕಟ್ಟುವ ಮುನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ವ್ಯಾಪಾರಿಯ ಕೆಲಸ.